ಅನಾನಸು ವೈನ್ ಮತ್ತು ಅಪ್ಪೆಮಿಡಿಯ ಭರಣಿ

ನಾನು ಮಾಡಿದ ಮೊದಲ ವೈನ್‌ನಿಂದ ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆ ಫಳಫಳ ಹೊಳೆಯಿತು. ಬೇರೆ ಯಾವ ಕೆಲಸಕ್ಕೂ ಅದು ಬರಲಿಲ್ಲ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಆ ಜೂನ್‌ನಲ್ಲಿ ಬನವಾಸಿ ಕಡೆಯ ನೆಂಟರು ಒಂದು ಗೋಣಿಚೀಲ ಅನಾನಸು ತಂದು ಇಳಿಸಿ ಹೋಗಿದ್ದರು. ತಿಂದೆವು, ಗೊಜ್ಜು ಮಾಡಿದೆವು, ಅಕ್ಕಪಕ್ಕ ಹಂಚಿದೆವು, ಆದರೂ ಮುಗಿಯಲಿಲ್ಲ. ಉಳಿದದ್ದನ್ನು ಹೆಚ್ಚಿ, ಸಕ್ಕರೆ ಸುರಿದು, ಬ್ರೆಡ್ಡಿಗೆ ಹಾಕುವ ಈಸ್ಟ್ ಉದುರಿಸಿ, ಅಪ್ಪೆಮಿಡಿ ಉಪ್ಪಿನಕಾಯಿ ಖಾಲಿಯಾಗಿದ್ದ ಚೀನೀ ಭರಣಿಗೆ ತುಂಬಿ ಬಟ್ಟೆ ಕಟ್ಟಿದೆ. ಭರಣಿಯನ್ನು ತೊಳೆದಿರಲಿಲ್ಲ ಎಂದಲ್ಲ. ಆದರೆ ಅದರ ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು, ಒಳಗೆ ವರ್ಷಗಳ ಉಪ್ಪು, ಎಣ್ಣೆ, ಇಂಗು ಇಳಿದಿದ್ದವು. ಸಾಲದ್ದಕ್ಕೆ ದಿನಕ್ಕೊಮ್ಮೆ ಮಜ್ಜಿಗೆಯ ಸೌಟನ್ನೇ ಹಾಕಿ ಕದಡುತ್ತಿದ್ದೆ. ಮೂರನೆಯ ವಾರ ಬಟ್ಟೆ ಬಿಚ್ಚಿದರೆ ಮೇಲೆ ಬಿಳಿ ಪೊರೆ, ಸುತ್ತ ಗುಂಗುರುಗಳ ಹಿಂಡು, ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಅಮ್ಮ ಇಣುಕಿ ನೋಡಿ, "ಹಾಲಿಗೆ ಹೆಪ್ಪು ಹಾಕುವ ಮೊದಲು ಪಾತ್ರೆ ಮೂಸಿ ನೋಡುವುದಿಲ್ಲವೇ?" ಎಂದರು. ಆಮೇಲೆ ಆ ದ್ರವವನ್ನೇ ಹಂಡೆ ಉಜ್ಜಲು ಒಯ್ದರು.

ವೈನ್ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂದು ಲೂಯಿ ಪಾಶ್ಚರ್ 1860ರ ದಶಕದಲ್ಲೇ ತೋರಿಸಿಕೊಟ್ಟಿದ್ದ. ನನಗೆ ಅದು ತಿಳಿಯಲು ಒಂದು ಗೋಣಿಚೀಲ ಹಣ್ಣು ಬೇಕಾಯಿತು. ಗುಂಗುರುಗಳ ಕಾಲಿಗೆ ಅಂಟಿಕೊಂಡು ಬರುವ ಅಸೆಟಿಕ್ ಬ್ಯಾಕ್ಟೀರಿಯಾಕ್ಕೆ ಗಾಳಿ ಸಿಕ್ಕರೆ ಸಾಕು, ಮದ್ಯಸಾರವನ್ನು ವಿನೆಗರ್ ಮಾಡಿಬಿಡುತ್ತದೆ. ನಾನು ಬಟ್ಟೆ ಕಟ್ಟಿ, ದಿನವೂ ಕದಡಿ, ಅದಕ್ಕೆ ಬೇಕಾದ ಗಾಳಿಯನ್ನು ಕೈಯಾರೆ ಕೊಟ್ಟಿದ್ದೆ.

ಮರುವರ್ಷ ನೆಂಟರು ಮತ್ತೆ ಬಂದರು, ಚೀಲವೂ ಬಂತು. ಈ ಸಲ ಹಣ್ಣು ಮುಟ್ಟುವ ಮೊದಲು ಒಂದಿಡೀ ಬೆಳಗ್ಗೆ ತೊಳೆಯುವುದರಲ್ಲೇ ಕಳೆಯಿತು. ಐದು ಲೀಟರಿನ ಗಾಜಿನ ಜಾಡಿ, ಸ್ಟೀಲ್ ಸೌಟು, ಜರಡಿ, ಹೊಸ ಪ್ಲಾಸ್ಟಿಕ್ ಕೊಳವೆ, ಇಷ್ಟೇ ಸಾಮಾನು. ಹಳೆಯ ಕೊಳವೆ ಬೇಡ, ಅದರೊಳಗಿನ ಗೀರುಗಳಿಗೆ ಯಾವ ಬ್ರಷ್ಷೂ ತಲುಪುವುದಿಲ್ಲ. ಕೊಳೆ ತೆಗೆಯುವುದು ಒಂದು ಕೆಲಸ, ಕ್ರಿಮಿ ಕೊಲ್ಲುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡದ್ದು ನನ್ನ ಹಳೆಯ ತಪ್ಪು. ಮೊದಲು ಹಂಡೆಯ ಬಿಸಿನೀರು, ಸೋಪು, ಬ್ರಷ್. ಹಂಡೆಯ ನೀರಿಗೆ ಹೊಗೆವಾಸನೆ ಇರುವುದರಿಂದ ಆಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಜಾಲಾಡಿದೆ. ಕೊನೆಗೆ ಲೀಟರಿಗೆ 10 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಚಿಟಿಕೆ ಸಿಟ್ರಿಕ್ ಆಮ್ಲ ಕರಗಿಸಿದ ನೀರನ್ನು ಎಲ್ಲದರೊಳಗೂ ಆಡಿಸಿ ಚೆಲ್ಲಿದೆ. ಸ್ಕ್ವಾಷ್ ಕೆಡದಂತೆ ಹಾಕುವ ಪುಡಿಯೇ ಇದು. ಇದರ ಹೊಗೆ ಗಂಟಲು ಕಟ್ಟುತ್ತದೆ, ಜಗಲಿಯಲ್ಲಿ ಕುಳಿತು ಮಾಡಿ. ಉಬ್ಬಸ ಇರುವವರು ಹತ್ತಿರ ಸುಳಿಯದಿರುವುದು ಒಳ್ಳೆಯದು.

ಹಣ್ಣು ಅರೆದು ಸೋಸಿದಾಗ ಎರಡೂವರೆ ಲೀಟರ್ ರಸ ಸಿಕ್ಕಿತು. ಒಂದೂವರೆ ಲೀಟರ್ ನೀರಿನಲ್ಲಿ 600 ಗ್ರಾಂ ಸಕ್ಕರೆ ಕುದಿಸಿ, ಆರಿಸಿ ಸೇರಿಸಿದೆ. ದ್ರವದ ಸಾಂದ್ರತೆಯಿಂದ ಸಕ್ಕರೆಯ ಪ್ರಮಾಣ ಅಳೆಯುವ ಹೈಡ್ರೋಮೀಟರ್ 1.080 ತೋರಿಸಿತು, ಬರೀ ನೀರಿಗಾದರೆ ಅದು 1.000. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ ಶೇ. 1ರಷ್ಟು ಮದ್ಯಸಾರ ಎಂಬುದು ಲೆಕ್ಕ. ರಸದಲ್ಲಿರುವ ಕ್ರಿಮಿಗಳನ್ನು ಅಡಗಿಸಲು ಅದೇ ಮೆಟಾಬೈಸಲ್ಫೈಟ್ ಪುಡಿ 0.4 ಗ್ರಾಂ ರಸಕ್ಕೂ ಬೇಕು. ಅಡುಗೆಮನೆಯ ತಕ್ಕಡಿಗೆ ಅಷ್ಟು ಸಣ್ಣ ತೂಕ ತಿಳಿಯುವುದಿಲ್ಲ, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯೇ ಬೇಕಾಯಿತು. ಅದನ್ನು ಹಾಕಿ 24 ಗಂಟೆ ಬಿಡಬೇಕು. ಅವಸರಪಟ್ಟು ಈಸ್ಟ್ ಹಾಕಿದರೆ ಅದೂ ಏಟು ತಿನ್ನುತ್ತದೆ.

ಈಸ್ಟ್ ಎಂದರೆ ನಮ್ಮ ಹೆಪ್ಪಿನ ಹಾಗೆ. ಬ್ರೆಡ್ಡಿನದೂ ವೈನಿನದೂ ಒಂದೇ ಪ್ರಭೇದ, ಸ್ಯಾಕರೊಮೈಸಿಸ್ ಸೆರೆವಿಸಿಯೆ. ಆದರೆ ವೈನ್ ಈಸ್ಟ್ ಹೆಚ್ಚು ಮದ್ಯಸಾರ ತಾಳಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಬ್ರೆಡ್ಡಿನದು ಅಲುಗಾಡಿಸಿದರೆ ಸಾಕು, ಎದ್ದುಬಿಡುತ್ತದೆ. 5 ಗ್ರಾಂ ಪೊಟ್ಟಣ 20 ಲೀಟರಿಗೆ ಸಾಕಾಗುವಂಥದ್ದು, ನಾನು ಕಾಲು ಭಾಗ ತೆಗೆದುಕೊಂಡೆ. ಮಗುವಿಗೆ ಎರೆಯುವ ಹದದ, ಅಂದರೆ 38 ಡಿಗ್ರಿ ಆಸುಪಾಸಿನ ಅರ್ಧ ಲೋಟ ನೀರಿನ ಮೇಲೆ ಉದುರಿಸಿದೆ. ಐದು ನಿಮಿಷ ಕಂದು ಕಾಳುಗಳು ಸುಮ್ಮನೆ ತೇಲಿದವು. ಆಮೇಲೆ ಒಂದೊಂದೇ ಬಿರಿದು ಹಾಲಿನಂಥ ಎಳೆ ಬಿಡುತ್ತ ಕೆಳಗಿಳಿದವು. ಕಾಲು ಗಂಟೆಗೆ ಕೆನೆಯಂಥ ನೊರೆ, ಹಿಟ್ಟಿನ ಪರಿಮಳ. ಜಾಡಿಗೆ ಸುರಿದು, ಮುಚ್ಚಳಕ್ಕೆ ತೂತು ಕೊರೆದು ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದೆ. ಅನಿಲ ಹೊರಗೆ ಹೋಗಬೇಕು, ಗಾಳಿ ಒಳಗೆ ಬರಬಾರದು. ಬಿಗಿಯಾಗಿ ಮುಚ್ಚಿದರೆ ಜಾಡಿಯೇ ಸಿಡಿಯಬಹುದು.

ಆ ರಾತ್ರಿ ಕರೆಂಟ್ ಹೋಗಿತ್ತು. ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೂ ಉಗ್ರಾಣದಿಂದ ಗುಳುಕ್ ಗುಳುಕ್ ಸದ್ದು ಕೇಳುತ್ತಿತ್ತು. ಟಾರ್ಚ್ ಹಿಡಿದು ಹೋಗಿ ನಿಮಿಷಕ್ಕೆ ಎಷ್ಟು ಗುಳ್ಳೆ ಎಂದು ಎಣಿಸಿದೆ. ಇಂಥದ್ದಕ್ಕೆ ಮಲೆನಾಡಿನ ಮಳೆಗಾಲ ಒಳ್ಳೆಯದು, ಜುಲೈನಲ್ಲಿ ನಮ್ಮ ಉಗ್ರಾಣ 25 ಡಿಗ್ರಿ ದಾಟುವುದಿಲ್ಲ. ಬೂಷ್ಟು ಮಾತ್ರ ಗೋಡೆಯಿಂದ ಗೋಡೆಗೆ ಹರಿದಾಡುವ ಕಾಲ, ಹಾಗಾಗಿ ಜಾಡಿಯ ಹೊರಮೈಯನ್ನೂ ವಾರಕ್ಕೊಮ್ಮೆ ಒರೆಸುತ್ತಿದ್ದೆ.

ಮೂರು ವಾರಕ್ಕೆ ಗುಳ್ಳೆ ನಿಂತಿತು. ತಳದ ಗಷ್ಟನ್ನು ಬಿಟ್ಟು ಮೇಲಿನದನ್ನು ಕೊಳವೆಯಿಂದ ನಾಲ್ಕು ಲೀಟರಿನ ಜಾಡಿಗೆ ಇಳಿಸಿ, ಕುತ್ತಿಗೆಯವರೆಗೆ ತುಂಬಿದೆ. ಖಾಲಿ ಜಾಗ ಉಳಿದರೆ ಮತ್ತೆ ಅದೇ ವಿನೆಗರ್. ಎರಡು ತಿಂಗಳ ನಂತರ ಇನ್ನೊಮ್ಮೆ ಇಳಿಸಿದೆ. ಡಿಸೆಂಬರ್‌ನಲ್ಲಿ ಹೈಡ್ರೋಮೀಟರ್ 0.996ರಲ್ಲೇ ನಿಂತಿರುವುದನ್ನು ಎರಡು ವಾರ ನೋಡಿ ಬಾಟಲಿಗೆ ತುಂಬಿದೆ. ಹೊರಡುವಾಗಿನ ಅಂಕಿಯೊಂದಿಗೆ ಹೋಲಿಸಿದರೆ ಮದ್ಯಸಾರ ಶೇ. 11ರ ಹತ್ತಿರ.

ನಮ್ಮ ರಾಜ್ಯದಲ್ಲಿ ಮದ್ಯದ ತಯಾರಿಕೆ, ಮಾರಾಟ ಎರಡೂ 1965ರ ಅಬಕಾರಿ ಕಾಯ್ದೆಯಡಿ ಬರುತ್ತವೆ. ಕೈಹಾಕುವ ಮೊದಲು ನಿಯಮ ಕೇಳಿ ತಿಳಿದುಕೊಳ್ಳಿ. ಮಾರುವ, ಭಟ್ಟಿ ಇಳಿಸುವ ಯೋಚನೆ ಬೇಡವೇ ಬೇಡ.

ಅನಾನಸು ತಂದ ನೆಂಟರಿಗೇ ಮೊದಲ ಲೋಟ ಕೊಟ್ಟೆ. ಮೂಸಿದಾಗ ಅವರ ಮುಖ ಅರಳಿತು, ಕುಡಿದಾಗ ಕಿವುಚಿತು. "ಸಿಹಿ ಎಲ್ಲಿ ಹೋಯಿತು ಮಾರಾಯ?" ಎಂದರು. ಈಸ್ಟ್ ತಿಂದು ಮುಗಿಸಿತು ಎಂದೆ. ಅಮ್ಮ ಲೋಟ ಮುಟ್ಟಲಿಲ್ಲ. ಖಾಲಿಯಾದ ಜಾಡಿಯನ್ನು ಎತ್ತಿ ಮೂಸಿ ನೋಡಿ, ಏನೂ ಹೇಳದೆ ಕೆಳಗಿಟ್ಟರು.