ರಕ್ತ ಕೊಡುವ ಮುನ್ನ, ರಿಪೋರ್ಟ್ ಓದುವ ಮುನ್ನ

ಲ್ಯಾಬ್ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ದಪ್ಪ ಅಕ್ಷರದಲ್ಲಿರುವ ಅಂಕಿಯ ಮೇಲೆ. ಆದರೆ ಅಂಕಿ ಏರುಪೇರಾಗಲು ಕಾಯಿಲೆಯೇ ಬೇಕಂತಿಲ್ಲ. ಹಿಂದಿನ ದಿನ ನೀವು ಏನು ಮಾಡಿದಿರಿ, ರಕ್ತ ಹೇಗೆ ತೆಗೆದರು, ಟ್ಯೂಬ್ ಎಷ್ಟು ಹೊತ್ತು ಸುಮ್ನೆ ಬಿದ್ದಿತ್ತು, ಇದೆಲ್ಲಾ ಅದರಲ್ಲಿ ಸೇರಿಕೊಂಡಿರುತ್ತದೆ. ಹಾಗಾಗಿ ರಕ್ತ ಕೊಡುವಲ್ಲಿಂದಲೇ ಶುರು ಮಾಡೋಣ.

ಮೊದಲು ಖಾಲಿ ಹೊಟ್ಟೆಯ ವಿಷಯ. ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಬಹುದು, ಕುಡಿಯಲೇಬೇಕು ಅನ್ನಿ, ನೀರು ಕಮ್ಮಿಯಾದರೆ ರಕ್ತನಾಳ ಸುಲಭಕ್ಕೆ ಸಿಗುವುದಿಲ್ಲ. ಸಕ್ಕರೆ ಹಾಕದ ಕಾಫಿ ಪರವಾಗಿಲ್ಲ ಅಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಕೊಲೆಸ್ಟ್ರಾಲ್ ಪರೀಕ್ಷೆಗೆ ಕೆಲವು ಕಡೆ 9ರಿಂದ 12 ಗಂಟೆ ಉಪವಾಸ ಕೇಳುತ್ತಾರೆ, ಕೆಲವು ಕಡೆ ಈಗ ಕೇಳುವುದಿಲ್ಲ. ಸಿಬಿಸಿ (ರಕ್ತಕಣಗಳ ಎಣಿಕೆ), ಎಚ್‌ಬಿಎ1ಸಿ (ಕೆಲವು ತಿಂಗಳ ಶುಗರ್ ಸರಾಸರಿ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಇಷ್ಟೇ ಇದ್ದರೆ ಸಾಮಾನ್ಯವಾಗಿ ಉಪವಾಸವೇ ಬೇಕಿಲ್ಲ. ಹೋಗುವ ಹಿಂದಿನ ದಿನವೇ ಫೋನ್ ಮಾಡಿ ಕೇಳಿಬಿಡಿ.

ದಿನದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ಏನೇನು ತೆಗೆದುಕೊಳ್ಳುತ್ತಿದ್ದೀರಿ ಅಂತ ಹೇಳಿ. ಅದರಲ್ಲೂ ಕೂದಲಿಗೆ, ಉಗುರಿಗೆ ಅಂತ ಬರುವ ಬಯೋಟಿನ್ ಅನ್ನುವ ವಿಟಮಿನ್. ಯಾರೂ ಇದನ್ನು ಔಷಧಿ ಅಂದುಕೊಳ್ಳುವುದಿಲ್ಲ, ಆದರೆ ಡೋಸ್ ಜಾಸ್ತಿಯಿದ್ದರೆ ಕೆಲವು ವಿಧಾನಗಳಲ್ಲಿ ಮಾಡುವ ಥೈರಾಯ್ಡ್ ಪರೀಕ್ಷೆಯನ್ನು ತಲೆಕೆಳಗು ಮಾಡಿಬಿಡುತ್ತದೆ. ಹಿಂದಿನ ದಿನ ಜಿಮ್‌ನಲ್ಲಿ ಮೈ ಮುರಿದು ದುಡಿಯುವುದೂ ಬೇಡ. ಸ್ನಾಯು ದಣಿದರೆ ಲಿವರ್ ಪರೀಕ್ಷೆಗಳ ಪಟ್ಟಿಯಲ್ಲಿರುವ ಎಸ್‌ಜಿಒಟಿ ಅನ್ನುವ ಕಿಣ್ವ ಏರುತ್ತದೆ, ಲಿವರ್ ಮಾತ್ರ ಚೆನ್ನಾಗಿಯೇ ಇರುತ್ತದೆ.

ಇನ್ನು ಕುರ್ಚಿಯಲ್ಲಿ ಕೂತ ಮೇಲೆ. ತೋಳಿಗೆ ಪಟ್ಟಿ ಕಟ್ಟುತ್ತಾರೆ, ಮೊಣಕೈ ಒಳಭಾಗವನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ, ಸ್ಪಿರಿಟ್ ಒರೆಸುತ್ತಾರೆ. ಸ್ಪಿರಿಟ್ ಒಣಗುವವರೆಗೆ ಕಾಯಬೇಕು, ಇಲ್ಲದಿದ್ದರೆ ಉರಿ. ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿರಬಾರದು. ಮುಷ್ಟಿಯನ್ನು ಪದೇಪದೇ ಬಿಗಿದು ಬಿಡುವುದು ಎಲ್ಲರೂ ಮಾಡುವ ಕೆಲಸ, ಅದನ್ನು ಬಿಡಿ, ಪೊಟ್ಯಾಶಿಯಂ ಸುಳ್ಳೇ ಏರುತ್ತದೆ. ಸೂಜಿ ಕಂಡರೆ ತಲೆ ಸುತ್ತುವವರು ನಾಚಿಕೆ ಪಡದೆ ಮೊದಲೇ ಹೇಳಿ, ಮಲಗಿಸಿ ತೆಗೆಯುತ್ತಾರೆ. ಡ್ರಿಪ್ ಹಾಕಿರುವ ಕೈಯಿಂದ ರಕ್ತ ತೆಗೆಯಲು ಬಿಡಬೇಡಿ.

ಟ್ಯೂಬ್ ಮುಚ್ಚಳದ ಬಣ್ಣ ಗಮನಿಸಿದ್ದೀರಾ? ನೇರಳೆ ಬಣ್ಣದ್ದು ಸಿಬಿಸಿ ಮತ್ತು ಎಚ್‌ಬಿಎ1ಸಿಗೆ, ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಇರುತ್ತದೆ. ಬೂದು ಬಣ್ಣದ್ದು ಶುಗರ್‌ಗೆ. ಹಾಗೇ ಇಟ್ಟ ರಕ್ತದಲ್ಲಿ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಅದನ್ನು ತಡೆಯಲು ಅದರಲ್ಲಿ ಫ್ಲೋರೈಡ್ ಹಾಕಿರುತ್ತಾರೆ. ತಿಳಿ ನೀಲಿ ಬಣ್ಣದ್ದು ಹೆಪ್ಪುಗಟ್ಟುವ ಪರೀಕ್ಷೆಗೆ, ಗೆರೆಯವರೆಗೆ ಸರಿಯಾಗಿ ತುಂಬದಿದ್ದರೆ ಲೆಕ್ಕ ತಪ್ಪುತ್ತದೆ. ಕೆಂಪು ಅಥವಾ ಹಳದಿ ಮುಚ್ಚಳದ್ದು ಕಿಡ್ನಿ, ಲಿವರ್, ಥೈರಾಯ್ಡ್‌ಗೆ. ಮೂರು ನಾಲ್ಕು ಟ್ಯೂಬ್ ತೆಗೆದರು ಅಂತ ಗಾಬರಿ ಬೇಡ, ಒಂದೊಂದರಲ್ಲೂ ಕೆಲವೇ ಮಿಲಿಲೀಟರ್, ದೊಡ್ಡವರ ಮೈಯಲ್ಲಿ 5 ಲೀಟರ್ ಹತ್ತಿರ ರಕ್ತ ಇರುತ್ತದೆ. ನೇರಳೆ ಟ್ಯೂಬನ್ನು 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡುವುದು ಕಂಡರೆ ಕೆಲಸ ಗೊತ್ತಿರುವವರು ಅಂದುಕೊಳ್ಳಿ. ಜೋರಾಗಿ ಕುಲುಕಿದರೆ ಕಣ ಒಡೆಯುತ್ತದೆ. ಹೆಸರಿನ ಚೀಟಿ ನಿಮ್ಮ ಎದುರಿಗೇ ಅಂಟಿಸಲಿ. ಒಮ್ಮೆ ಓದಿ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸೂಜಿ ತೆಗೆದ ಮೇಲೆ ಹತ್ತಿ ಇಟ್ಟು ಕೈ ನೇರವಾಗಿಟ್ಟು ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಮೊಣಕೈ ಮಡಚಬೇಡಿ, ಕಪ್ಪಗಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಇನ್ನೂ ಸ್ವಲ್ಪ ಹೊತ್ತು ಒತ್ತಬೇಕು.

ರಿಪೋರ್ಟ್ ಬಂತು. ಪಕ್ಕದಲ್ಲಿರುವ ನಾರ್ಮಲ್ ರೇಂಜ್ ಅನ್ನುವುದು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇಕಡಾ 95 ಮಂದಿಯ ಅಂಕಿ. ಅಂದರೆ ಏನೂ ತೊಂದರೆ ಇಲ್ಲದ 100 ಜನರಲ್ಲಿ ಐವರು ಹೊರಗೇ ಇರುತ್ತಾರೆ. ಒಟ್ಟಿಗೆ 20 ಪರೀಕ್ಷೆ ಮಾಡಿಸಿದರೆ ಒಂದಾದರೂ ದಪ್ಪ ಅಕ್ಷರದಲ್ಲಿ ಬರುವುದು ಆಶ್ಚರ್ಯವೇ ಅಲ್ಲ. ಆಫರ್‌ನಲ್ಲಿದೆ ಅಂತ ದೊಡ್ಡ ಪ್ಯಾಕೇಜ್ ಮಾಡಿಸಿಕೊಂಡು ನಿದ್ದೆ ಕೆಡಿಸಿಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಶುಗರ್ ಲೆಕ್ಕ ಹೀಗೆ: ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರ್‌ಗೆ 100 ಮಿಲಿಗ್ರಾಂ ಒಳಗಿದ್ದರೆ ಸರಿ, 126 ಮತ್ತು ಮೇಲೆ ಬಂದರೆ ಮಧುಮೇಹ, ಆದರೆ ಲಕ್ಷಣ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆಯಲ್ಲೂ ಖಚಿತ ಆಗಬೇಕು. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಯಾಕಂದರೆ ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಶೇಕಡಾ 5.7ರ ಕೆಳಗೆ ಸರಿ, 6.5ರಿಂದ ಮಧುಮೇಹ. ರಕ್ತಹೀನತೆ ಇದ್ದರೆ ಮಾತ್ರ ಇದನ್ನು ಪೂರ್ತಿ ನಂಬುವ ಹಾಗಿಲ್ಲ.

ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಇರಬೇಕು. ಮೈಯಲ್ಲಿ ಏನೂ ತೊಂದರೆ ಇಲ್ಲದೆ ದಿಢೀರ್ ಅಂತ ತುಂಬಾ ಕಮ್ಮಿ ಬಂದರೆ ಒಂದು ಮಾತು ಕೇಳಿ, ಸ್ಲೈಡ್ ನೋಡಿದ್ದೀರಾ ಅಂತ, ಅಂದರೆ ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ದೀರಾ ಅಂತ. ಕೆಲವರ ರಕ್ತದಲ್ಲಿ ಇಡಿಟಿಎ ತಾಗಿದ ಕೂಡಲೇ ಪ್ಲೇಟ್‌ಲೆಟ್‌ಗಳು ಗುಂಪಾಗಿ ಅಂಟಿಕೊಳ್ಳುತ್ತವೆ, ಯಂತ್ರ ಆ ಗುಂಪನ್ನು ಎಣಿಸಲಾರದು. ಬೇರೆ ಟ್ಯೂಬ್‌ನಲ್ಲಿ ತೆಗೆದರೆ ಸಾಮಾನ್ಯವಾಗಿ ಸರಿಯಾದ ಲೆಕ್ಕ ಸಿಗುತ್ತದೆ. ಆದರೆ ಜ್ವರ ಇದ್ದರೆ, ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಸ್ಲೈಡಿಗೆ ಕಾಯುತ್ತಾ ಕೂರಬೇಡಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಹಳೆಯ ರಿಪೋರ್ಟ್‌ಗಳನ್ನು ಒಂದೇ ಫೈಲ್‌ನಲ್ಲಿಟ್ಟು ಡಾಕ್ಟರ್ ಹತ್ತಿರ ಒಯ್ಯಿರಿ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ 1.1 ಅಂತ ಬಂದರೆ ರೇಂಜ್ ಒಳಗೇ ಇರಬಹುದು, ಆದರೆ ಹೋದ ವರ್ಷ 0.7 ಇದ್ದವರಿಗೆ ಅದು ವಿಚಾರಿಸಲೇಬೇಕಾದ ಅಂಕಿ.