ಕಪ್ಪು ಕಲ್ಲಿನ ಹೆಪ್ಪು ಹಾಕಿ ಮ್ಯಾಂಗನೀಸ್ ಹಿಡಿದೆ

ನಮ್ಮದು ಶಿವಮೊಗ್ಗ ಜಿಲ್ಲೆಯ ಕುಂಸಿ ಕಡೆ. ಹಿಂದೆ ಮ್ಯಾಂಗನೀಸ್ ಅದಿರು ತೆಗೆದ ಗುಡ್ಡಗಳು ಸುತ್ತಲೂ ಇವೆ, ಬೇಡದ ಮಣ್ಣಿನ ರಾಶಿ ಇನ್ನೂ ಹಾಗೇ ಬಿದ್ದಿದೆ. ಅಂಥ ಒಂದು ರಾಶಿಯ ಬುಡದಲ್ಲಿ ಜಿನುಗುವ ನೀರೇ ಬೇಸಿಗೆಯಲ್ಲಿ ನಮ್ಮ ಅಡಿಕೆ ತೋಟಕ್ಕೆ ಆಧಾರ. ನೋಡಲು ತಿಳಿ. ಆದರೆ ಡ್ರಿಪ್ ಪೈಪಿನ ತುದಿ ಬಿಚ್ಚಿದರೆ ಕಾಡಿಗೆಯಂಥ ಕೆಸರು ಪಿಚಕ್ಕನೆ ಬರುತ್ತಿತ್ತು, ಪಂಚೆಗೆ ತಾಗಿದರೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಲ್ಯಾಬಿಗೆ ಕೊಟ್ಟಾಗ ಮ್ಯಾಂಗನೀಸ್ ಲೀಟರಿಗೆ 4 ಮಿಲಿಗ್ರಾಂ ಹತ್ತಿರ ಬಂತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ 0.1, ಬೇರೆ ಗತಿ ಇಲ್ಲದಿದ್ದರೆ 0.3. ನಮ್ಮ ದನಗಳು ಕುಡಿಯುತ್ತಿದ್ದುದು ಅದನ್ನೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಸುಣ್ಣ ಹಾಕಿದೆ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದದ್ದು ಮನೆಯಲ್ಲಿತ್ತು, ನೀರಿನ ಹುಳಿ-ಕ್ಷಾರ ನೋಡುವ ಪಿಎಚ್ ಪೇಪರೂ ಇತ್ತು. ಪಿಎಚ್ 8ಕ್ಕೆ ತಂದರೆ ನೀರಿನಲ್ಲಿದ್ದ ಕಬ್ಬಿಣ ಕೆಂಪಗೆ ತಳಕ್ಕೆ ಇಳಿಯಿತು, ಮ್ಯಾಂಗನೀಸ್ ಜಗ್ಗಲಿಲ್ಲ. ಬರೀ ಸುಣ್ಣದಿಂದ ಅದನ್ನು ಇಳಿಸಬೇಕಾದರೆ 9.5 ದಾಟಬೇಕು. ಅಂಥ ನೀರನ್ನು ಅಡಿಕೆ ಬುಡಕ್ಕೆ ಬಿಡೋಕಾಗುತ್ತಾ? ಎಂಟೊಂಬತ್ತು ಸಾವಿರ ಹೋಯಿತು. ಮುಂದಿನ ವರ್ಷ ಪೇಟೆಯಿಂದ ನಲವತ್ತು ಸಾವಿರದ ಮೇಲೆ ಕೊಟ್ಟು ಫಿಲ್ಟರ್ ತಂದೆ. ಎರಡೇ ತಿಂಗಳಿಗೆ ಕಟ್ಟಿಕೊಂಡಿತು. ಅದರ ಡ್ರಮ್ಮು ಈಗ ಗೋಮೂತ್ರ ಹಿಡಿಯಲು ಇದೆ.

ದಾರಿ ತೋರಿಸಿದ್ದು ಹಳ್ಳ. ಒಂದು ಕಡೆ ಕಲ್ಲೆಲ್ಲ ಇದ್ದಿಲಿನಂತೆ ಕಪ್ಪಗಿತ್ತು. ಅದರ ಮೇಲಿನ ನೀರು, ಕೆಳಗಿನ ನೀರು ಎರಡನ್ನೂ ಲೋಟದಲ್ಲಿ ಹಿಡಿದು ಸುಣ್ಣದ ತಿಳಿ ಜಾಸ್ತಿಯೇ ಬೆರೆಸಿ ಅರ್ಧ ಗಂಟೆ ಇಟ್ಟೆ; ಮ್ಯಾಂಗನೀಸ್ ಇದ್ದರೆ ಕಂದಾಗುತ್ತದೆ. ಮೇಲಿನದು ಕಾಫಿ ಡಿಕಾಕ್ಷನ್ ನೀರಾದಂತೆ ಕಂದಾಯಿತು, ಕೆಳಗಿನದು ಬಣ್ಣವೇ ಬದಲಾಗಲಿಲ್ಲ. ಆ ಕಪ್ಪು ಪದರವೇ ನೀರಿನ ಮ್ಯಾಂಗನೀಸನ್ನು ಎಳೆದುಕೊಳ್ಳುತ್ತಿತ್ತು! ಕಪ್ಪು ಕಲ್ಲನ್ನು ಕುದಿಸಿ ಬಾಟಲಿಗೆ ಹಾಕಿ ನೋಡಿದೆ, ಮ್ಯಾಂಗನೀಸ್ ಹಿಡಿಯುವುದು ಅರ್ಧಕ್ಕೆ ಇಳಿಯಿತು. ಅಂದರೆ ಅದರಲ್ಲಿ ಜೀವ ಇದೆ, ಕಣ್ಣಿಗೆ ಕಾಣದ ಜೀವಾಣು.

60 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳದ ಕಾಲುವೆ ತೆಗೆಸಿ ಸುಣ್ಣದ ಕಲ್ಲಿನ ಜಲ್ಲಿ ತುಂಬಿದೆ. ಮಧ್ಯೆ ಮಧ್ಯೆ ಹಳ್ಳದ ಕಪ್ಪು ಕಲ್ಲು, ಹಾಲಿಗೆ ಹೆಪ್ಪು ಹಾಕಿದಂತೆ. "ಕಲ್ಲಿಗೆ ಹೆಪ್ಪು ಹಾಕ್ತೀಯಾ ಮಾರಾಯ?" ಅಂದವರು ಒಬ್ಬಿಬ್ಬರಲ್ಲ. ಜೆಸಿಬಿ, ಎರಡು ಲೋಡ್ ಜಲ್ಲಿ, ಆಳು ಎಲ್ಲ ಸೇರಿ ಮೂವತ್ತು ಸಾವಿರದ ಒಳಗೆ ಮುಗಿಯಿತು. ನಮ್ಮ ಒರತೆಗೆ 15 ಲೀಟರ್ ಬಕೆಟ್ ತುಂಬಲು ನಾಲ್ಕು ನಿಮಿಷ ಬೇಕು, ಹಾಗಾಗಿ ನೀರು ಒಳಗೆ ಹತ್ತಿರ ಹತ್ತಿರ ಒಂದು ದಿನ ನಿಲ್ಲುತ್ತದೆ.

ಮೊದಲ ವರ್ಷ ಅದೂ ಕೈಕೊಟ್ಟಿತು. ಕಬ್ಬಿಣದ ಕೆಂಪು ಲೋಳೆ ಜಲ್ಲಿಯನ್ನೆಲ್ಲ ಮುಚ್ಚಿತು. ಕಬ್ಬಿಣ ಇರುವ ತನಕ ಮ್ಯಾಂಗನೀಸ್ ಕೂರುವುದಿಲ್ಲ. ಮೇಲುಗಡೆ ಮೆಟ್ಟಿಲು ಮಾಡಿ ನೀರು ಬೀಳಿಸಿ ಗಾಳಿ ಕೊಟ್ಟೆ, ಕೆಳಗೆ ಕೆಂಪು ಇಳಿಯಲು ಒಂದು ಗುಂಡಿ ತೆಗೆದೆ. ಜೀವ ಇದೆಯಲ್ಲ, ಮೇವು ಕೊಡೋಣ ಅಂತ ಸುಮ್ನೆ ಒಂದು ಕೊಡ ಜೀವಾಮೃತ (ಸೆಗಣಿ, ಗೋಮೂತ್ರ, ಬೆಲ್ಲ ಕಲಸಿ ಹುದುಗಿಸಿದ್ದು) ಸುರಿದದ್ದೂ ಉಂಟು. ನಾಲ್ಕೇ ದಿನಕ್ಕೆ ಕೊಳೆತ ವಾಸನೆ, ಕೂತಿದ್ದ ಮ್ಯಾಂಗನೀಸೂ ಕರಗಿ ನೀರಿಗೆ ಬಂತು. ಗಾಳಿ ಸಿಗದಿದ್ದರೆ ಕಪ್ಪು ಪದರ ಹಿಡಿದ ಮ್ಯಾಂಗನೀಸನ್ನು ಬಿಟ್ಟುಕೊಡುತ್ತದೆ. ದರಗು ಬಿದ್ದು ಕೊಳೆತರೂ ಅದೇ ಕಥೆ, ಈಗ ಮೇಲೆ ಬಲೆ ಕಟ್ಟಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ನೀರನ್ನು ಪಕ್ಕದ ಬಸಿಗಾಲುವೆಗೆ ತಿರುಗಿಸುತ್ತೇನೆ, ಇಲ್ಲದಿದ್ದರೆ ಹೆಪ್ಪೆಲ್ಲ ಕೊಚ್ಚಿ ಹೋಗುತ್ತದೆ.

ಎರಡನೇ ಬೇಸಿಗೆಗೆ ಲ್ಯಾಬಿನಲ್ಲಿ 0.2 ಬಂತು. ಈ ವರ್ಷ ಒಂದು ಪೈಪೂ ಕಟ್ಟಿಕೊಂಡಿಲ್ಲ. ನಕ್ಕವರಲ್ಲಿ ಇಬ್ಬರು ಬಂದು ಅಳತೆ ತೆಗೆದುಕೊಂಡು ಹೋದರು. ಯಾವ ಕಪ್ಪು ಕಲ್ಲು ಆರಿಸಬೇಕು, ತಂದ ಮೇಲೆ ಮೊದಲ ವಾರ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತೋಟಕ್ಕೆ ಬಂದರೆ ತೋರಿಸುತ್ತೇನೆ. ಮನೆಯವರು ಕುಡಿಯುವುದಕ್ಕೆ ಈಗಲೂ ಬೇರೆ ಬಾವಿಯದೇ ನೀರು.

ಏಪ್ರಿಲ್‌ನಲ್ಲಿ ಜಲ್ಲಿ ತೊಳೆದಾಗ ಹತ್ತು ಬುಟ್ಟಿ ಕಪ್ಪು ಕೆಸರು ಸಿಕ್ಕಿತು. ಗೊಬ್ಬರ ಗುಂಡಿಗೆ ಹಾಕು ಅಂದರು, ಹಾಕಲಿಲ್ಲ. ಕೊಳೆಯುವ ಸೊಪ್ಪಿನ ಜೊತೆ ಸೇರಿದರೆ ಮತ್ತೆ ಕರಗುತ್ತದೆ. ಒಣಗಿಸಿ, ಚೀಲಕ್ಕೆ ತುಂಬಿ, ಕೊಟ್ಟಿಗೆ ಪಕ್ಕ ಸಿಮೆಂಟ್ ನೆಲದ ಮೇಲೆ ತಗಡಿನ ಅಡಿ ಇಟ್ಟಿದ್ದೇನೆ.