ಅಕಿಲಿಸ್ ಶಸ್ತ್ರಚಿಕಿತ್ಸೆಯ ನಂತರ ಓಟಕ್ಕೆ ಮರಳುವ ಕ್ರಮ

ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜುವಿಗೆ ಶಸ್ತ್ರಚಿಕಿತ್ಸೆಯಾದ ಓಟಗಾರರು ಸಾಮಾನ್ಯವಾಗಿ 6ರಿಂದ 8 ವಾರ ರಕ್ಷಣಾ ಬೂಟು ಧರಿಸಬೇಕಾಗುತ್ತದೆ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂಬುದನ್ನು ವೈದ್ಯರೇ ನಿರ್ಧರಿಸಲಿ. ಕೊಡಗಿನ ಮಳೆಗಾಲದಲ್ಲಿ ಪಾಚಿಗಟ್ಟಿದ ಮೆಟ್ಟಿಲುಗಳ ಮೇಲೆ ಊರುಗೋಲು ಜಾರುವುದರಿಂದ ಹೊರಗಿನ ಓಡಾಟ ಕಡಿಮೆ ಮಾಡಿ, ಗಾಯ ಒದ್ದೆಯಾಗದಂತೆ ನೋಡಿಕೊಳ್ಳಿ. ಮೀನಖಂಡ ಊದಿ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೂಟು ಕಳಚಿದ ಬಳಿಕ ಪಾದವನ್ನು ಮೇಲಕ್ಕೆಳೆದು ಹಿಗ್ಗಿಸುವ ಆತುರ ಬೇಡ, ಏಕೆಂದರೆ ಅತಿಯಾಗಿ ಉದ್ದವಾದ ಸ್ನಾಯುರಜ್ಜುವಿನಿಂದ ನೆಲವನ್ನು ಒದ್ದು ಮುನ್ನುಗ್ಗುವ ಬಲ ಕುಗ್ಗುತ್ತದೆ. ಮೊದಲು ಕುಳಿತು, ಆಮೇಲೆ ಎರಡೂ ಕಾಲಲ್ಲಿ ನಿಂತು, ಕೊನೆಗೆ ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವ ಈ ವ್ಯಾಯಾಮ ಬೇಸರ ತರಿಸುವಂಥದ್ದೇ, ಆದರೂ ತಪ್ಪಿಸುವಂತಿಲ್ಲ. ಅದು ಸಲೀಸಾದ ಮೇಲೆ, ಹಲವರಿಗೆ ಶಸ್ತ್ರಚಿಕಿತ್ಸೆಯಾದ 4ರಿಂದ 6 ತಿಂಗಳಿಗೆ, ಫಿಸಿಯೋಥೆರಪಿಸ್ಟ್ ಒಪ್ಪಿದರೆ ಸಮತಟ್ಟಾದ ಮೈದಾನದಲ್ಲಿ ನಿಧಾನವಾಗಿ ಓಡಲಾರಂಭಿಸಿ. ಸ್ನಾಯುರಜ್ಜುವನ್ನು ಹೆಚ್ಚು ಜಗ್ಗುವ ಮಡಿಕೇರಿಯ ಏರುಗಳು ಕೊನೆಯ ಹಂತಕ್ಕಿರಲಿ.